ಸುಹರಾಳ ಎಡಗೆನ್ನೆಯ ನರ

1.
ಎಲ್ಲಿಂದ ಶುರುಮಾಡಲಿ, ಹೇಳಿ? ಸೂಕ್ಷ್ಮದರ್ಶಕದಿಂದ ಶುರುಮಾಡಿದರೆ ನೀವು ಎದ್ದು ಹೋಗುತ್ತೀರಿ. ಫೋನಿನಿಂದಲೇ ಆಗಲಿ.

"ಭಾರ್ಗವೀ, ತಲೆ ತೆರೆದಿಟ್ಕೊಂಡು ನಿಂತಿದೀನಿ. ಬೇಗ ಹೇಳು ಮಾರಾಯ್ತಿ!" ಅಂದರು ಸರ್ಜನ್ ಇಟ್ಟೂಪ್. (ತೆರೆದದ್ದು ಸುಹರಾ ಎಂಬ ರೋಗಿಯ ತಲೆ. ಇಟ್ಟೂಪರದು ಯಾವತ್ತೂ ತೆರೆದದ್ದಿಲ್ಲ.)

ಕೋಳಿಕ್ಕೋಡಿನ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ನಡುವೆಯೇ ಗೆಡ್ಡೆಯ ಚೂರೊಂದು ನನ್ನ ಲ್ಯಾಬಿಗೆ ಬರುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ಕೊಯ್ದು, ನೋಡಿ, ಇಪ್ಪತ್ತು ನಿಮಿಷದಲ್ಲಿ ನಾನು ಹೇಳಬೇಕು. ನರದ ಪೊರೆಯ ಸಾದಾ ಗೆಡ್ಡೆಯಾದರೆ, ಮುಖದ ನರಕ್ಕೆ ಅಂಟಿದ ತೆಳು ಸಿಪ್ಪೆಯನ್ನು ಇಟ್ಟೂಪ್ ಬಿಟ್ಟುಬಿಡುತ್ತಾರೆ, ಮುಖ ಉಳಿಯುತ್ತದೆ. ಕ್ಯಾನ್ಸರ್ ಆದರೆ ನರವನ್ನೂ ಕತ್ತರಿಸಬೇಕು.

"ಸಾದಾ," ಅಂದೆ.

2.
(ಈ ಭಾಗವನ್ನು ಎರಡು ಸಲ ಹರಿದುಹಾಕಿದ್ದೇನೆ. ಮೊದಲ ಪ್ರತಿಯಲ್ಲಿ ತಪ್ಪು ಯಂತ್ರದ್ದಾಗಿತ್ತು. ಎರಡನೆಯದರಲ್ಲಿ, ನನ್ನನ್ನು 'ಚೇಚಿ', ಅಂದರೆ ಅಕ್ಕ, ಎನ್ನುವ ಕಿರಿಯ ಸಹೋದ್ಯೋಗಿ ಶೀಜಾಳದು. ಅವಳು ಓದಿ, "ಚೇಚೀ, ನಾಚಿಕೆ ಆಗಲ್ವಾ?" ಅಂದಳು.)

ತಪ್ಪು ನನ್ನದೇ. ಇಪ್ಪತ್ತಾರು ವರ್ಷ ಸಾದಾ ಗೆಡ್ಡೆಗಳನ್ನೇ ನೋಡಿ ನೋಡಿ, ಕಣ್ಣು ನೋಡುವ ಮೊದಲೇ ಬಾಯಿ ವರದಿ ಕೊಟ್ಟಿತ್ತು. ತಲೆಬುರುಡೆಯೊಳಗೆ ಅದರ ಕ್ಯಾನ್ಸರ್ ರೂಪವನ್ನು ನಾನು ಪುಸ್ತಕದಲ್ಲಷ್ಟೇ ಕಂಡವಳು.

ಐದನೆಯ ದಿನ ಉಳಿದ ಚೂರುಗಳ ಸ್ಲೈಡ್ ಬಂತು. ಕೋಶಗಳು ಎಲ್ಲೆಂದರಲ್ಲಿ ಒಡೆದು ಎರಡಾಗುತ್ತಿದ್ದವು. ಸಾದಾ ಗೆಡ್ಡೆಯಲ್ಲಿ ಪೂರ್ತಿ ಹತ್ತಬೇಕಾದ ಕಂದು ಬಣ್ಣ ಅಲ್ಲಲ್ಲಿ ಮಾತ್ರ ಹತ್ತಿತ್ತು. ಬಾಯಿ ಬಿಡದೆ ಶೀಜಾಳನ್ನು ಸೂಕ್ಷ್ಮದರ್ಶಕದ ಎದುರು ಕೂರಿಸಿದೆ. ಎರಡನೆಯವರ ಕಿವಿಗೆ ಮೊದಲನೆಯವರ ಅಭಿಪ್ರಾಯ ಹಾಕಬಾರದು ಎಂಬುದು ನಮ್ಮ ಲ್ಯಾಬಿನ ನಿಯಮ.

"ಅಯ್ಯೋ ಚೇಚಿ, ಇದು ಸಾದಾ ಅಲ್ಲವೇ ಅಲ್ಲ," ಅಂದಳು.

ಇಟ್ಟೂಪರಿಗೆ ಫೋನ್ ಹಚ್ಚಿದೆ.

3.
ಸುಹರಾ ಜೀಪಿನಲ್ಲಿ ಕೂತು ಮೈಕಿನಲ್ಲಿ ಊರಿಗೆಲ್ಲ ಸಾರುವವಳು. ಬಟ್ಟೆ ಅಂಗಡಿ, ಚುನಾವಣೆ, ಫುಟ್‌ಬಾಲ್ ಪಂದ್ಯ, ಎಲ್ಲದಕ್ಕೂ ಅವಳದೇ ದನಿ. ನರ ಹೋದರೆ ಅರ್ಧ ತುಟಿ ಜೋತುಬೀಳುತ್ತದೆ.

ಲ್ಯಾಬಿನವರು ರೋಗಿಯ ಎದುರಿಗೆ ಹೋಗುವ ಪದ್ಧತಿಯಿಲ್ಲ. ನಾನು ಹೋಗಿ ತಪ್ಪೊಪ್ಪಿಕೊಂಡೆ.

"ಆ ಸಿಪ್ಪೆ ಹಾಗೇ ಇದ್ರೆ?"

"ಮತ್ತೆ ಬೆಳೆಯುತ್ತೆ. ಬೇಗ."

"ತೆಗೆದ್ರೆ?"

"ತೆಗೆದು, ಆಮೇಲೆ ರೇಡಿಯೇಷನ್ ಕೊಟ್ರೆ ಬದುಕೋ ಅವಕಾಶ ಜಾಸ್ತಿ. ಖಾತ್ರಿ ಕೊಡಲ್ಲ."

"ಆಮೇಲೆ ಮೈಕಲ್ಲಿ 'ಪ', 'ಬ', 'ಮ' ಯಾರು ಹೇಳ್ತಾರೆ? ನಿಮ್ಮಪ್ಪನಾ?" ಬೈದಳು. ಅತ್ತಳು. ಕೊನೆಗೆ ಮೂಗು ಒರೆಸಿಕೊಂಡು, "ಕತ್ತರಿಸಲಿ. ಆದ್ರೆ ಈ ಸಲ ಕಣ್ಣುಬಿಟ್ಟು ನೋಡಿ ಡಾಕ್ಟರೇ," ಅಂದಳು.

4.
ನೋಡಿದೆ. ಎರಡನೆಯ ಆಪರೇಷನ್ನಿನಲ್ಲಿ, ಕತ್ತರಿಸಿದ ಜಾಗದ ಅಂಚಿನ ಚೂರುಗಳು ಬಂದಾಗ ನಾನೂ ಶೀಜಾಳೂ ಬೇರೆಬೇರೆಯಾಗಿ ನೋಡಿದೆವು. ಫೋನು ಬಡಿದುಕೊಳ್ಳುತ್ತಿತ್ತು. ಎತ್ತಲಿಲ್ಲ. ಇಟ್ಟೂಪ್ ಕಾಯಲಿ ಬಿಡಿ. ನಲವತ್ತು ನಿಮಿಷದ ಮೇಲೆ ನಾನೇ ಫೋನ್ ಮಾಡಿ, "ಅಂಚಿನಲ್ಲಿ ಗೆಡ್ಡೆ ಇಲ್ಲ," ಅಂದೆ. ಈ ಮಾತನ್ನು ಎದೆತಟ್ಟಿ ಹೇಳುತ್ತೇನೆ.

5.
ಅಂತ್ಯ ಒಂದು: ಸುಹರಾ ಮುದುಕಿಯಾಗುವವರೆಗೆ ಬಾಳುತ್ತಾಳೆ.

ಅಂತ್ಯ ಎರಡು: ಒಂದೂವರೆ ವರ್ಷಕ್ಕೆ ಗೆಡ್ಡೆ ಮರಳುತ್ತದೆ. (ಇದನ್ನು ಬರೆಯಬಾರದು ಅನ್ನಿಸಿತು. ಆದರೂ ಬರೆದೆ.)

ರೇಡಿಯೇಷನ್ ಮುಗಿದು ಎರಡು ತಿಂಗಳಾದ ಮೇಲೆ ಎರಡನ್ನೂ ಅವಳಿಗೇ ಓದಿ ಹೇಳಿದೆ. ಅಷ್ಟರಲ್ಲಿ ಅವಳು ಜೋತ ತುಟಿಯನ್ನು ಎಡಗೈ ಬೆರಳಿನಿಂದ ಎತ್ತಿಹಿಡಿದು ಮಾತಾಡುವುದನ್ನು ರೂಢಿಸಿಕೊಂಡಿದ್ದಳು. 'ಪ', 'ಬ', 'ಮ' ಮೂರೂ ಹೊರಡುತ್ತಿದ್ದವು.

"ಎರಡೂ ಹರಿದು ಹಾಕಿ," ಅಂದಳು. "ಹೇಗೆ ಮುಗಿಯುತ್ತೆ ಅಂತ ನಿಮಗೆ ಗೊತ್ತಿದ್ದಿದ್ರೆ, ಮೂರು ತಿಂಗಳಿಗೊಂದ್ಸಲ ನನ್ನನ್ನ ಸ್ಕ್ಯಾನಿಗೆ ಯಾಕೆ ಕರೀತಿದ್ರಿ?"

ಹರಿದೆ.

"ಮತ್ತೆ ಮಂಗಳವಾರದ ಸ್ಕ್ಯಾನಿಗೆ ಬರೋಕಾಗಲ್ಲ ಡಾಕ್ಟರೇ, ಜೀಪು ಹತ್ತಬೇಕು. ಬುಧವಾರಕ್ಕೆ ಹಾಕ್ಸಿ."

ಬುಧವಾರಕ್ಕೆ ಹಾಕಿಸಿದ್ದೇನೆ.