ಭಾಗವ್ವನ ನಂಬರು

ಆ ರೂಮಿನ ಗಾಳಿಯಲ್ಲಿ ಪಸೆ ಇರಲಿಲ್ಲ. ಇರಬಾರದೆಂದೇ ಕಟ್ಟಿದ ರೂಮು ಅದು. ರಕ್ತದ ಸಕ್ಕರೆ ಅಳೆಯುವ ಸ್ಟ್ರಿಪ್ಪಿಗೆ ಒಂದಿಷ್ಟು ತೇವ ತಗುಲಿದರೂ ಅದು ಕೆಡುತ್ತದೆ. ಅದಕ್ಕೇ ಒಂದು ದೊಡ್ಡ ಮಷೀನು ಹಗಲೂ ರಾತ್ರಿ ಗಾಳಿಯೊಳಗಿನ ನೀರನ್ನು ಹೀರುತ್ತಿತ್ತು. ಗಾಳಿಯ ಜೊತೆಗೆ ಅಲ್ಲಿ ಕೂತ ಹೆಂಗಸರನ್ನೂ ಹೀರುತ್ತಿತ್ತು. ತುಟಿ ಸೀಳುತ್ತಿದ್ದವು. ಕಣ್ಣು ಮರಳು ಬಿದ್ದ ಹಾಗೆ ಚುಚ್ಚುತ್ತಿದ್ದವು. ಸಂಜೆಯ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ನೀರು ಕುಡಿಯಬೇಕೆಂದರೆ ಹೊರಗೆ ಬರಬೇಕು. ಹೊರಗೆ ಬರಬೇಕೆಂದರೆ ಟೋಪಿ, ಮಾಸ್ಕು, ಗೌನು, ರಬ್ಬರ್ ಬೂಟು ಎಲ್ಲ ಕಳಚಬೇಕು. ಒಳಗೆ ಹೋಗುವಾಗ ಮತ್ತೆ ಎಲ್ಲ ತೊಡಬೇಕು. ಬಾಗಿಲಲ್ಲಿ ಆಳುಗಳ ಮೇಲೆ ಕಣ್ಣಿಡುವ ಗುತ್ತೇದಾರನ ಮುಕಾದಮ ನಿಂತಿರುತ್ತಿದ್ದ. "ಮತ್ತ ಬಂದ್ಲು ನೋಡು, ನದಿ ಕುಡಿದು ನದಿ ಹರಿಸೋಕಿ," ಎಂದು ನಾಲ್ಕು ಮಂದಿ ಕೇಳುವ ಹಾಗೆ ಅನ್ನುತ್ತಿದ್ದ. ಆ ಮಾತು ಭಾಗವ್ವನಿಗೆ. ಅವಳಿಗೆ ಎಲ್ಲರಿಗಿಂತ ಹೆಚ್ಚು ನೀರಡಿಕೆ. ಎಲ್ಲರಿಗಿಂತ ಹೆಚ್ಚು ಸಲ ಏಳಬೇಕಾಗುತ್ತಿತ್ತು. ನಾಚಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ನೀರಡಿಕೆ ರೂಮಿನದು, ಎಲ್ಲರದೂ ಹೀಗೇ, ತನ್ನದು ಒಂದು ಗುಟುಕು ಹೆಚ್ಚು ಎಂದುಕೊಂಡಿದ್ದಳು.

ಆಳಂದ ತಾಲ್ಲೂಕಿನ ಹೆಂಗಸು. ಗಂಡ ತೀರಿದ ಮೇಲೆ ಮಗಳು ಗಗನಾಳನ್ನು ಕಟ್ಟಿಕೊಂಡು ಔರಂಗಾಬಾದಿಗೆ ಬಂದಳು. ವಾಳೂಜಿನ ಕಾರ್ಖಾನೆಗಳ ಬೆನ್ನಿಗಿರುವ ರಾಂಜಣಗಾಂವಿನಲ್ಲಿ ತಗಡಿನ ಮಾಡಿನ ಒಂದು ಖೋಲಿ ಹಿಡಿದಳು. ಈ ಕಂಪನಿಯಲ್ಲಿ ಗುತ್ತಿಗೆಯ ಆಳಾಗಿ ಸೇರಿ, ಸ್ಟ್ರಿಪ್ಪು ಸೊಟ್ಟಗಿವೆಯೋ ನೆಟ್ಟಗಿವೆಯೋ ನೋಡಿ ಪುಟ್ಟ ಡಬ್ಬಿಗೆ ತುಂಬುವ ಕೆಲಸಕ್ಕೆ ಕೂತಳು. ಆ ಸ್ಟ್ರಿಪ್ಪು ಸಿಕ್ಕಿಸಿ ಸಕ್ಕರೆ ಅಳೆಯುವುದು ಅಂಗೈಯಲ್ಲಿ ಹಿಡಿಯುವಂಥ ಒಂದು ಹೊಸ ಮಷೀನು. ಪರದೇಶದ್ದಕ್ಕೆ ಸರಿಸಮ, ಬೆಲೆ ಅದರ ಅರ್ಧ. ಅದನ್ನು ಕಂಡುಹಿಡಿದವರು ಅವಿನಾಶ್ ಸಾಹೇಬರು. ಮೈಸೂರು ಕಡೆಯವರು, ಮನೆ ನಾಸಿಕದಲ್ಲಿ. ಸೋಮವಾರ ಕಾರಿನಲ್ಲಿ ಬಂದು ಶನಿವಾರ ಹೋಗುವವರು.

ಮಷೀನು ಇನ್ನೂ ಪೇಟೆಗೆ ಬಂದಿರಲಿಲ್ಲ. ಅದು ಸರಿಯಾಗಿ ಹೇಳುತ್ತದೋ ಇಲ್ಲವೋ ದಿನವೂ ನೋಡಬೇಕು. ನೋಡಲು ದಿನವೂ ಹಸಿ ರಕ್ತ ಬೇಕು. ಹಸಿ ರಕ್ತ ಎಲ್ಲಿಂದ ತರುವುದು? ಗುತ್ತಿಗೆಯ ಹೆಂಗಸರು ಇದ್ದರಲ್ಲ.

ಪಾಳಿ ಶುರುವಾಗುವ ಮೊದಲು ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಮೇಜು. ಮೇಜಿನಾಚೆ ಸುಧಾಕರ, ಭಾಲ್ಕಿಯ ಹುಡುಗ, ಬಿಎಸ್ಸಿ ಓದಿದವನು. ಹೆಂಗಸರು ಸಾಲಾಗಿ ಬಂದು ಬೆರಳು ಚಾಚುತ್ತಿದ್ದರು. ಅವನು ಚುಚ್ಚುತ್ತಿದ್ದ. ಒಂದು ಹನಿ ಹೊಸ ಮಷೀನಿಗೆ, ಇನ್ನೊಂದಿಷ್ಟು ಸಣ್ಣ ನಳಿಗೆಯಲ್ಲಿ ಎಳೆದು ಒಳಗಿನ ದೊಡ್ಡ ಮಷೀನಿಗೆ. ಎರಡೂ ಒಂದೇ ಲೆಕ್ಕ ಹೇಳಿದರೆ ಗೆದ್ದ ಹಾಗೆ. ಮಷೀನಿನ ಮುಖ ಯಾವಾಗಲೂ ಸುಧಾಕರನ ಕಡೆಗೆ. ಬೆರಳಿನ ಕಡೆಗೆ ಅದರ ಬೆನ್ನು.

"ಬರ್ರಿ ಭಾಗಕ್ಕಾ, ನಿಮ್ಮದs ಮೊದಲು," ಎಂದು ಅವನು ದಿನವೂ ಕರೆಯುತ್ತಿದ್ದ. ಉಳಿದವರಿಗೆ ಆಮೇಲೆ ಒಂದು ಬಿಸ್ಕೀಟು. ಭಾಗವ್ವನಿಗೆ ಮಾತ್ರ ಮೊದಲೇ ಎರಡು ಪೇಢೆ. ತಿಂದು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂರಬೇಕು. ಆಮೇಲೆ ಚುಚ್ಚುವುದು.

ಪ್ರೇಮಾಬಾಯಿ ಉದಗೀರ ಕಡೆಯವಳು. ಕನ್ನಡದಲ್ಲಿ ಹಿಡಿದ ಮಾತನ್ನು ಮರಾಠಿಯಲ್ಲಿ ಬಿಡುವವಳು. "ಬೀಗತಿಗೆ ಮಾಡಿದ್ಹಂಗ ಉಪಚಾರ ನಡದದ ನೋಡ್ರಿ," ಎಂದು ಸಾಲಿನಿಂದ ಕೂಗುತ್ತಿದ್ದಳು. "ಸುಧಾಕರಾ, ನಮ್ಮ ರಕ್ತ ಏನು ಗಟಾರದ್ದೇನೋ? ಆಮ್ಹಾಲಾ ಪಣ್ ಪೇಢಾ ದೇ!"

"ಅಕ್ಕನ ರಕ್ತ ಬ್ಯಾರೆ ಬಾಯಿ. ಏ-ವನ್ ಮಾಲು," ಎಂದು ಸುಧಾಕರ ನಗುತ್ತಿದ್ದ.

"ನಾ ಉಂಡ ಜ್ವಾಳದ ರೊಟ್ಟಿ ರಕ್ತ ಅದು. ನೀವು ಬ್ರೆಡ್ ತಿನ್ನೋರು," ಎಂದು ಭಾಗವ್ವ ಗತ್ತಿನಿಂದ ಅನ್ನುತ್ತಿದ್ದಳು. ಜೀವನದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಮೊದಲು ಕರೆದಿರಲಿಲ್ಲ. ಒಮ್ಮೆ ಅವಿನಾಶ್ ಸಾಹೇಬರು ಯಾರೋ ಸೂಟಿನವರನ್ನು ಕರೆತಂದು, ಅವಳನ್ನು ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸೂಟಿನವರು ತಲೆಯಾಡಿಸಿ ಅವಳಿಗೆ ಕೈ ಮುಗಿದರು. ಆ ಸಂಜೆ ಅವಳು ಓಣಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು.

ಬೇಸಿಗೆಯಲ್ಲಿ ರಬ್ಬರ್ ಬೂಟು ಕಾಲು ಕಚ್ಚಿತು. ಕಿರುಬೆರಳ ಪಕ್ಕ ಬೊಬ್ಬೆ ಎದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನೋವಿರಲಿಲ್ಲ. ಕಾಲು ತೊಳೆಯುವಾಗ ಕಂಡು ಅರಿಶಿನ ಮೆತ್ತಿದಳು. ಗಾಯ ಆರಲಿಲ್ಲ. ಬಚ್ಚಲ ಮೂಲೆಯಲ್ಲಿ ಇರುವೆ ಮುತ್ತತೊಡಗಿದವು. ಫಿನಾಯಿಲ್ ಸುರಿದಳು. ಮತ್ತೆ ಮುತ್ತಿದವು. ಮೈ ಇಳಿಯುತ್ತ ಬಂತು. "ಛಲೋ ಆತು, ಕುಪ್ಪಸ ಸಡ್ಲಾತು," ಎಂದು ಪ್ರೇಮಾಬಾಯಿಯ ಜೊತೆ ನಕ್ಕಳು. ಪೇಢೆ ಮಾತ್ರ ತಪ್ಪಲಿಲ್ಲ.

ಗಗನಾಗೆ ತಾಯಿಯ ಕನ್ನಡ ಪೂರಾ ತಿಳಿಯುತ್ತಿತ್ತು. ಬಾಯಿಗೆ ಮಾತ್ರ ಮರಾಠಿಯೇ ಬರುತ್ತಿತ್ತು. ಒಂದು ಮುಂಜಾನೆ ತಾಯಿಯ ಕಾಲ ಹತ್ತಿರ ಬಂದವಳೇ ಮೂಗು ಮುಚ್ಚಿಕೊಂಡಳು.

"ಆಯೀ, ವಾಸ ಯೇತೋಯ್!"

"ವಾಸನಿ ಬೂಟಿಂದು. ನಡಿ, ಸಾಲಿಗೆ ಹೊತ್ತಾತು."

"ಬೂಟಾಚಾ ನಾಹೀ. ಪಾಯಾಚಾ." ಮಗಳು ಅಳುತ್ತ ಕಾಲು ಎತ್ತಿ ಹಿಡಿದಳು. ಎರಡು ಬೆರಳು ಕಪ್ಪಾಗಿದ್ದವು. ಭಾಗವ್ವನ ಕಣ್ಣಿಗೆ ಅವು ಬೇರೆ ಯಾರದೋ ಬೆರಳಿನ ಹಾಗೆ ಕಂಡವು.

ಸರಕಾರಿ ದವಾಖಾನೆಯಲ್ಲಿ ಇದ್ದದ್ದು ಎಳೆ ವಯಸ್ಸಿನ ಡಾಕ್ಟರಮ್ಮ. ಕಾಲು ನೋಡಿ ಮುಖ ಗಂಟಿಕ್ಕಿದಳು. ಶುಗರ್ ಎಂದಿನಿಂದ ಇದೆ ಎಂದು ಮರಾಠಿಯಲ್ಲಿ ಕೇಳಿದಳು.

"ನಮಗೆಲ್ಲಿ ಶುಗರ್ರಿ ಬಾಯಿ. ಅದು ದೊಡ್ಡ ಮಂದಿ ರೋಗ," ಎಂದಳು ಭಾಗವ್ವ. ಗಗನಾ ಅದನ್ನು ಮರಾಠಿಗೆ ಮಾಡಿದಳು.

ಡಾಕ್ಟರಮ್ಮ ಬೆರಳು ಚುಚ್ಚಿದಳು. ಅವಳ ಮಷೀನಿನ ಮುಖ ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಅಂಗಾತ ಇತ್ತು. ನಾನೂರ ಎಂಬತ್ತು. ವರ್ಷಗಳಿಂದ ಒಳಗೇ ಕೊರೆಯುತ್ತ ಬಂದಿದೆ, ನರ ಸತ್ತಿವೆ, ಅದಕ್ಕೇ ನೋವಿಲ್ಲ ಎಂದಳು. ಎರಡು ಬೆರಳು ತೆಗೆಯಲೇಬೇಕು. ಒಂದು ವರ್ಷ ಮೊದಲು ಗುಳಿಗೆ ಶುರು ಮಾಡಿದ್ದರೆ ಈ ಗಾಯ ಬೊಬ್ಬೆಯಲ್ಲೇ ಮುಗಿಯುತ್ತಿತ್ತು. ಆಮೇಲೆ ಸಿಟ್ಟಿನಿಂದಲೇ ಕೇಳಿದಳು: "ಒಂದು ಸಲವಾದರೂ ರಕ್ತ ಪರೀಕ್ಷೆ ಮಾಡಿಸಬಾರದೇ?"

ಭಾಗವ್ವ ಎರಡೂ ಕೈಯ ಬೆರಳು ಬಿಡಿಸಿ ಮೇಜಿನ ಮೇಲಿಟ್ಟಳು. ತುದಿಗಳೆಲ್ಲ ಜರಡಿಯ ಹಾಗೆ ಆಗಿದ್ದವು.

"ದಿನಾ ಮಾಡ್ತಾರ್ರಿ," ಎಂದಳು.

ಡಾಕ್ಟರಮ್ಮ ಅವಳ ಬೆರಳನ್ನು ನೋಡಿದಳು. ಮಗಳ ಮುಖ ನೋಡಿದಳು. ಚೀಟಿ ಬರೆಯತೊಡಗಿದಳು.

ಬೆರಳು ಹೋದವು. ವಾರ್ಡಿನಲ್ಲಿ ಮಲಗಿದ್ದಾಗ ಭಾಗವ್ವ ಒಂದೇ ಮಾತು ಹಿಡಿದಿದ್ದಳು. ಮಷೀನು ತಪ್ಪು ಹೇಳಿರಬೇಕು. ಹೊಸ ಮಷೀನು, ಇನ್ನೂ ಕಲಿಯುತ್ತಿದೆ. ಸುಧಾಕರನಿಗೆ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಹೇಳುತ್ತಿರಲಿಲ್ಲವೇ? ಅಕ್ಕಾ ಎಂದು ಕರೆದವನು. ನಮ್ಮ ಮಾತು ಆಡುವವನು. ನೋಡಲು ಬಂದ ಪ್ರೇಮಾಬಾಯಿಗೂ ಅದನ್ನೇ ಹೇಳಿದಳು. ಪ್ರೇಮಾಬಾಯಿ ತನ್ನ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

ಎದ್ದು ಕೂರುವ ಹಾಗಾದ ಮೇಲೆ ಭಾಗವ್ವ ರಿಕ್ಷಾ ಮಾಡಿಕೊಂಡು ಕಾರ್ಖಾನೆಗೆ ಹೋದಳು. ಕಾಲಿಗೆ ದಪ್ಪ ಪಟ್ಟಿ. ಗೇಟಿನ ಪಕ್ಕದ ಕೋಣೆಯಲ್ಲಿ ಸಾಲು ನಿಂತಿತ್ತು.

"ಅರೆ ಅಕ್ಕಾ! ಎಲ್ಲಿ ಹೋಗಿದ್ರಿ? ಸಾಹೇಬ್ರು ರೋಜ್ ಕೇಳ್ತಾರ," ಎಂದು ಸುಧಾಕರ ಎದ್ದೇ ನಿಂತ. ಪಟ್ಟಿ ಕಂಡು, "ಏನಾತ್ರಿ ಕಾಲಿಗೆ?" ಎಂದ.

"ಬೂಟು ಕಚ್ತು. ನೀ ಮೊದಲು ರಕ್ತ ತಗೋ."

ಅವನು ಪೇಢೆಯ ಡಬ್ಬಿ ತೆರೆದ. ಅವಳು ಎರಡನ್ನೂ ತಿಂದಳು. ಬೆಂಚಿನ ಮೇಲೆ ಕೂತಳು. ಬೆರಳು ಚಾಚಿದಳು. ಅವನು ಚುಚ್ಚಿ, ಹನಿ ಮುಟ್ಟಿಸಿ, ಮಷೀನು ನೋಡಿದ. ಸ್ಟ್ರಿಪ್ಪು ಬದಲಿಸಿ ಇನ್ನೊಂದು ಸಲ ನೋಡಿದ. ಅವನ ಮುಖ ಬಾಡಿತು.

"ಇದೇನ್ ಅಕ್ಕಾ? ಗುಳಿಗಿ ಶುರು ಮಾಡೀರೇನು?"

ಭಾಗವ್ವ ಕೈ ಚಾಚಿ ಮಷೀನನ್ನು ತನ್ನ ಕಡೆ ತಿರುಗಿಸಿದಳು. ಅಂಕಿ ಓದಲು ಅವಳಿಗೆ ಬರುತ್ತಿತ್ತು. ನೂರ ತೊಂಬತ್ತು.

"ಅಂದ್ರ ನಿನಗ ಗೊತ್ತಿತ್ತು," ಎಂದಳು.

"ಹಂಗಲ್ಲ ಅಕ್ಕಾ…"

"ಮಷೀನು ತಪ್ಪು ಹೇಳಿರಬೇಕು ಅಂದ್ಕೊಂಡಿದ್ದೆ ತಮ್ಮಾ. ನಿನ್ನಾಣಿ, ಅಷ್ಟs ಅಂದ್ಕೊಂಡಿದ್ದೆ. ಗುಳಿಗಿ ತಗೊಂಡ್ರ ಇಳೀತದ ಅಂತ ನಿನಗ ಗೊತ್ತದ. ಇಳೀಬಾರದು ಅಂತ ಪೇಢೆ ಕೊಟ್ಟಿ."

ಸುಧಾಕರ ದನಿ ತಗ್ಗಿಸಿದ. "ಸಣ್ಣ ನಂಬರಿಗೆ ನಮ್ಮ ಮಷೀನ್ ಸರಿ ಇತ್ತು ಅಕ್ಕಾ. ದೊಡ್ಡ ನಂಬರಿಗೆ ತಪ್ಪತಿತ್ತು. ಅಂಥಾ ರಕ್ತ ಇಲ್ಲಿ ನಿಮ್ಮದೊಂದೇ ಇತ್ತು. ನಾ ಹೇಳ್ಬೇಕಂತ ಇದ್ದೆ. ಮಷೀನಿಗೆ ಪರವಾನಗಿ ಸಿಗೋ ತನಕ ಬ್ಯಾಡ ಅಂದ್ರು ಸಾಹೇಬ್ರು. ನನ್ನ ನೌಕರಿನೂ ಪಕ್ಕಾ ಅಲ್ಲ ಅಕ್ಕಾ."

"ಸರಿ ಆತೇನು ಈಗ ಮಷೀನು?"

"ಆಯ್ತ್ರಿ." ಅವನು ಮುಖ ಎತ್ತಲಿಲ್ಲ. "ನಿಮ್ಮಿಂದನೇ ಆಯ್ತು."

"ನೀ ಮಷೀನಿನ ತಪ್ಪು ಹುಡುಕಿದಿ. ನನ್ನ ಕಾಲು ಕೊಳೀತು."

ಸಾಲು ಕದಲದ್ದು ಕಂಡು ಅವಿನಾಶ್ ಸಾಹೇಬರು ಬಂದರು. ಸಿಟ್ಟಾಗುವ ಮನುಷ್ಯರಲ್ಲ. ತಮ್ಮ ಕಡೆಯ ಮೆತ್ತನೆ ಕನ್ನಡದಲ್ಲಿ, "ನೋಡಿ ಭಾಗವ್ವ, ನಿಮಗಾಗಿದ್ದಕ್ಕೆ ಬೇಜಾರಿದೆ. ಆಸ್ಪತ್ರೆಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಆದರೆ ಇದು ರೋಗ ಪರೀಕ್ಷೆ ಅಲ್ಲ. ಮಷೀನಿನ ಪರೀಕ್ಷೆ. ಈ ನಂಬರ್‌ಗಳು ಕಂಪನಿಗೆ ಸೇರಿದ್ದು, ಗುಟ್ಟಿನದು. ಯಾರಿಗೂ ಹೇಳೋ ಹಾಗಿಲ್ಲ," ಎಂದರು.

"ರಕ್ತ ಯಾರದು ಸಾಹೇಬ?"

ಅವರು ಮಷೀನನ್ನು ಮತ್ತೆ ಸುಧಾಕರನ ಕಡೆ ತಿರುಗಿಸಿದರು.

"ರಕ್ತ ನಂದು, ನಂಬರ್ ನಿಮ್ಮದು. ಹೆಂಗ?"

"ನಾಳೆ ಈ ಮಷೀನು ಲಕ್ಷಾಂತರ ಬಡವರ ಮನೆಗೆ ಹೋಗುತ್ತೆ. ಅವರು ತಮ್ಮ ಕಾಯಿಲೆ ಮೊದಲೇ ತಿಳ್ಕೋತಾರೆ. ಅದರಲ್ಲಿ ನಿಮ್ಮದೂ ಪಾಲಿದೆ ಅಂತ ಯೋಚನೆ ಮಾಡಿ."

"ಬಡವರು ತಿಳ್ಕೋಬೇಕು, ಹೌದಲ್ರಿ?" ಪ್ರೇಮಾಬಾಯಿ ಸಾಲಿನಿಂದ ಮುಂದೆ ಬಂದಳು. "ನಾನೂ ಬಡವಿನೇ. ನನ್ನ ನಂಬರ್ ಎಷ್ಟು?"

"ಪ್ರೇಮಾಬಾಯಿ, ನೀವು ಕೆಲಸಕ್ಕೆ ಹೋಗಿ."

"ಕೆಲಸ ಆಮೇಲೆ. ಮಾಝಾ ನಂಬರ್ ಸಾಂಗಾ."

ಹಿಂದಿನಿಂದ ಗುಂಡವ್ವ ಕೇಳಿದಳು. ನಾಲ್ಕು ತಿಂಗಳ ಕೂಸನ್ನು ಮನೆಯಲ್ಲಿ ಬಿಟ್ಟು ಬರುವವಳು. "ಸುಧಾಕರಣ್ಣಾ, ಬಸರಿದ್ದಾಗೂ ಚುಚ್ಚೀದಿ. ಆಗ ನಂದು ಎಷ್ಟಿತ್ತು? ಖರೇ ಹೇಳು. ಕೂಸು ಭಾಳ ದಪ್ಪ ಹುಟ್ಟೇದ ಅಂತ ಸೂಲಗಿತ್ತಿ ಅಂಜಿದ್ಲು."

ಸುಧಾಕರ ಅವಳತ್ತ ನೋಡಿದ. ಬಾಯಿ ತೆರೆದ. ಅವಿನಾಶ್ ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು. ಬಾಯಿ ಮುಚ್ಚಿಕೊಂಡ. ಆ ಮುಚ್ಚಿದ ಬಾಯಿಯೇ ಗುಂಡವ್ವನಿಗೆ ಉತ್ತರವಾಯಿತು. ಅವಳು ಚಾಚಿದ ಕೈ ಹಿಂದೆಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಪ್ರೇಮಾಬಾಯಿಯೂ ಹಾಗೇ ಮಾಡಿದಳು. ಆಮೇಲೆ ಅವಳ ಹಿಂದಿನವಳು, ಅವಳ ಹಿಂದಿನವಳು. ಚಳಿಗೆ ನಿಂತವರ ಹಾಗೆ ಎಲ್ಲರೂ ಕೈ ಅಡಗಿಸಿಕೊಂಡು ನಿಂತರು. ಮೇಜಿನ ಮೇಲೆ ಸ್ಟ್ರಿಪ್ಪಿನ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಯಾರೂ ಮುಚ್ಚಲಿಲ್ಲ.

"ಹೇಳಿ ಚುಚ್ಚು. ಇಲ್ಲಂದ್ರ ಚುಚ್ಚಬ್ಯಾಡ," ಎಂದಳು ಭಾಗವ್ವ.

ಮುಕಾದಮ ಬಂದ. ಬೈದ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ, ನಾಳೆಯಿಂದ ಬರಬೇಡಿ ಎಂದ. ಹೊರಬಿದ್ದ ಹೆಂಗಸರ ಹಿಂದೆ ಗೇಟು ಮುಚ್ಚಿತು.

ಮರುದಿನ ಮುಂಜಾನೆ ಗುತ್ತೇದಾರನ ಟೆಂಪೊ ಪೈಠಣ ಕಡೆಯಿಂದ ಹೊಸ ಹೆಂಗಸರನ್ನು ತುಂಬಿಕೊಂಡು ಬಂತು. ಗೇಟಿನ ಮೇಲೆ ಹೊಸ ಫಲಕ ಏರಿತ್ತು. ಒಬ್ಬ ಅಜ್ಜಿ ಅಂಗೈಯಲ್ಲಿ ಮಷೀನು ಹಿಡಿದು ನಗುತ್ತಿದ್ದಳು. ಕೆಳಗೆ ದೊಡ್ಡದಾಗಿ, ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ ಎಂದು ಮರಾಠಿಯಲ್ಲಿ ಬರೆದಿತ್ತು. ಅದರ ನೆರಳಿನಲ್ಲಿ ಒಂದು ಕಲ್ಲಿನ ಮೇಲೆ ಭಾಗವ್ವ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದಳು. ಸುತ್ತ ಪ್ರೇಮಾಬಾಯಿ, ಗುಂಡವ್ವ, ಉಳಿದವರು. ಅವರೇನೂ ಘೋಷಣೆ ಕೂಗಲಿಲ್ಲ. ಹೊಸಬರನ್ನು ತಡೆಯಲೂ ಇಲ್ಲ. ಅವರ ಹೊಟ್ಟೆಪಾಡೂ ಇವರಿಗೆ ಗೊತ್ತಿತ್ತು.

ಟೆಂಪೊದಿಂದ ಇಳಿದ ಒಬ್ಬ ಹರೆಯದವಳು ಕಾಲು ನೋಡಿ ನಿಂತಳು. "ಕಾಯ್ ಝಾಲಂ ಮಾವಶೀ?"

ಏನಾಯಿತೆಂದು ಭಾಗವ್ವ ತನ್ನ ಹರಕು ಮರಾಠಿಯಲ್ಲಿ ಹೇಳಿದಳು. ಪೇಢೆಯಿಂದ ಹಿಡಿದು ಬೆರಳಿನ ತನಕ. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಒಳಗ ಹೋಗವ್ವಾ. ಕೆಲಸ ಮಾಡು. ಬೆರಳು ಕೊಡೋಕಿಂತ ಮೊದಲು ಒಂದು ಮಾತು ಕೇಳು," ಎಂದಳು ಕೊನೆಗೆ, ಮರಾಠಿ ಮರೆತು. ಪ್ರೇಮಾಬಾಯಿ ಅದನ್ನು ಮರಾಠಿಗೆ ಮಾಡಿದಳು.

ಹುಡುಗಿ ಒಳಗೆ ಹೋದಳು. ಅವಳ ಹಿಂದೆ ಉಳಿದವರು ಹೋದರು. ಮುಕಾದಮ ಇವರತ್ತ ನೋಡಿ ನಕ್ಕು ಗೇಟು ಎಳೆದ.

ಪಕ್ಕದ ಕೋಣೆಯ ಕಿಟಕಿ ತೆರೆದಿತ್ತು. ಕುರ್ಚಿ ಎಳೆದ ಸದ್ದು ಬಂತು. "ಬೆರಳು ತೋರಿಸಿ," ಎಂದು ಸುಧಾಕರ ಹಿಂದಿಯಲ್ಲಿ ಅಂದದ್ದು ಕೇಳಿಸಿತು. ಗುಂಡವ್ವ ಕಿಟಕಿಯತ್ತ ಕಿವಿಗೊಟ್ಟಳು.

ಆಮೇಲೆ ಆ ಹುಡುಗಿಯ ದನಿ, ಮರಾಠಿಯಲ್ಲಿ. ಅಂಜಿದ ದನಿಯೇ, ಆದರೂ ಹೊರಗಿನವರೆಗೆ ಕೇಳಿಸಿತು.

"ಮೊದಲು ಹೇಳಿ ಸಾಹೇಬ. ಚುಚ್ಚಿದ ಮೇಲೆ ನನ್ನ ನಂಬರ್ ನನಗೆ ಹೇಳ್ತೀರೋ, ಇಲ್ಲವೋ?"