ಅರ್ಧಕ್ಕೆ ನಿಂತ ಪದ

ವಿಶಾಲ ಮತ್ತೊಮ್ಮೆ ಮೌಸ್ ಒತ್ತಿದ. ಈ ಫೈಲು ಯಾವ ಜಾತಿಯದೋ ತನಗೆ ಗೊತ್ತಿಲ್ಲವೆಂದು ಕಂಪ್ಯೂಟರು ಮತ್ತೊಮ್ಮೆ ಕೈಚೆಲ್ಲಿತು. ಮೂಡಲಗಿಯ ಅವನ ಅಂಗಡಿಯಲ್ಲಿ ಹಾಡು ನುಡಿಸುವ ಪ್ರೋಗ್ರಾಮುಗಳಿಗೇನೂ ಬರವಿರಲಿಲ್ಲ. ನಿನ್ನೆ ರಾತ್ರಿ ತೀರಿಕೊಂಡ ಶಿದ್ಲಿಂಗಪ್ಪ ಕಾಕಾನ ದನಿ ಮಾತ್ರ ಯಾವುದಕ್ಕೂ ಬಗ್ಗುತ್ತಿರಲಿಲ್ಲ.

ಬಾಗಿಲಲ್ಲಿ ಪರಸಪ್ಪ ಬೈಕು ಬಂದ್ ಮಾಡದೆ ಕೂತಿದ್ದ. ನಾಗನೂರಿನ ಭಜನೆ ಮೇಳದಲ್ಲಿ ತಾಳ ಹಿಡಿಯುವವನು.

"ಸುಡಗಾಡಿನ್ಯಾಗ ಕುಣಿ ತೆಗದ್ ಆತು. ಲಗೂ ಮಾಡಪಾ."

"ರೆಕಾರ್ಡರ್ ಕೆಟ್ಟು ಹೋಗೈತಿ. ಅದರ ಫೈಲ್ ಬ್ಯಾರೆ ಯಾವುದರಾಗೂ ತೆರಿಯಂಗಿಲ್ಲ."

"ಅದೆಲ್ಲಾ ನನಗ ತಿಳಿಯಂಗಿಲ್ಲ. ಗಂಡನ ಪದಾ ಕೇಳಸದ ಮಣ್ಣ ಕೊಡಬ್ಯಾಡ್ರಿ ಅಂತ ಮರೆವ್ವಕ್ಕ ಹಟಾ ಹಿಡದಾಳ."

ವಿಶಾಲ ಇಂಟರ್ನೆಟ್ಟಿನಲ್ಲಿ ತಡಕಾಡಿ, ಫೈಲು ಬದಲಿಸಿ ಕೊಡುವ ಪ್ರೋಗ್ರಾಮೊಂದನ್ನು ಹೇಗೋ ಇಳಿಸಿಕೊಂಡ. ಅಲ್ಲಿ ಬಂದ ಇಂಗ್ಲಿಷನ್ನೆಲ್ಲ ಓದದೆ ಒಪ್ಪಿಗೆ ಒತ್ತಿದ. ನೀಲಿ ಪಟ್ಟಿ ತೆವಳಿ ತೆವಳಿ ತುದಿ ಮುಟ್ಟಿತು. ಪದವನ್ನು ಸೀಡಿಗೆ ಇಳಿಸಿ ಪ್ರೋಗ್ರಾಮು ಮುಚ್ಚುವಾಗ ಕಣ್ಣಿಗೆ ಬಿತ್ತು: ಪುಕ್ಕಟೆ ಬಳಸುವವರಿಗೆ ಹಾಡಿನ ಅರ್ಧ ಮಾತ್ರ, ಉಳಿದರ್ಧಕ್ಕೆ ಕಾರ್ಡಿನಿಂದ ಡಾಲರು ಕಟ್ಟಬೇಕು. ಅಂಥ ಕಾರ್ಡನ್ನು ಅವನು ಕಣ್ಣಿಂದಲೂ ಕಂಡವನಲ್ಲ. ಬೇರೆ ದಾರಿ ಹುಡುಕೋಣವೆಂದರೆ ಅಷ್ಟರಲ್ಲಿ ಕರೆಂಟು ಹೋಯಿತು.

ಹೊರಗೆ ಪರಸಪ್ಪ ಹಾರ್ನ್ ಬಾರಿಸುತ್ತಲೇ ಇದ್ದ.

* * *

ಶಿದ್ಲಿಂಗಪ್ಪ ಕಬ್ಬು ಕಡಿಯುವ ಕೂಲಿಯವ. ಆದರೆ ನಾಗನೂರಿನಲ್ಲಿ ಯಾರು ಸತ್ತರೂ ಕುಣಿಯ ದಂಡೆಯಲ್ಲಿ ಕಡೆಯ ಪದ ಅವನದೇ. ಅದು ಮುಗಿಯುವತನಕ ಮುಷ್ಟಿಯ ಮಣ್ಣನ್ನು ಯಾರೂ ಬಿಡುವಂತಿರಲಿಲ್ಲ. ಹೋದ ವರ್ಷ ಅವನೇ ಅಂಗಡಿಗೆ ಬಂದಿದ್ದ.

"ಎಲ್ಲಾರಿಗೂ ನಾ ಹಾಡೇನಿ. ನನಗ ಯಾರು ಹಾಡತಾರ? ಇದರಾಗ ತುಂಬಿ ಇಡು."

ಕಣ್ಣು ಮುಚ್ಚಿ ಹಾಡಿದ. ಆಮೇಲೆ ರೆಕಾರ್ಡರನ್ನು ಕಿವಿಗೆ ಹಿಡಿದು ಕಡೇತನಕ ಕೇಳಿದ.

"ಪೂರಾ ಬಂದೈತಿ. ಅರ್ಧಕ್ಕ ನಿಂದರಬಾರದು ನೋಡು ತಮ್ಮಾ."

"ನಿಂತರ ಏನ್ ಆಗತೈತಿ ಕಾಕಾ?"

"ನಿಂತ ಪದಾ ಜೋಡಿ ಬೇಡತೈತಿ. ಅದನ್ನ ಯಾರು ಎತ್ತಿ ಹಾಡತಾರೋ, ಮುಂದಿನ ಕುಣಿ ಅವರದ."

ವಿಶಾಲ ನಕ್ಕಿದ್ದ. ಶಿದ್ಲಿಂಗಪ್ಪ ನಗಲಿಲ್ಲ.

* * *

ನಾಗನೂರಿನ ಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಬಾಜೂಕ್ಕೆ ಮರೆವ್ವ ಕೂತಿದ್ದಳು. ಗಂಡನ ಹಣೆಯ ವಿಭೂತಿ ಉದುರಿದಲ್ಲೆಲ್ಲ ಬೆರಳಿನಿಂದ ತೀಡುತ್ತಿದ್ದಳು.

"ಪೂರಾ ಐತೇನೋ ವಿಶಾಲ?"

"ಐತಿ ಚಿಗವ್ವ."

ಬಾಯಿ ತಪ್ಪಿ ಬಂದ ಸುಳ್ಳಲ್ಲ. ಅಷ್ಟು ಜನರ ನಡುವೆ ಆ ಮುಖಕ್ಕೆ ಇಲ್ಲವೆನ್ನುವ ಧೈರ್ಯ ಅವನಿಗೆ ಬರಲಿಲ್ಲ. ಭಜನೆಯವರು ದನಿಗೂಡಿಸಿಬಿಟ್ಟರೆ ಪದ ನಿಂತದ್ದು ಯಾರಿಗೂ ತಿಳಿಯಲಿಕ್ಕಿಲ್ಲವೆಂದು ಸುಡುಗಾಡಿನ ದಾರಿಯುದ್ದಕ್ಕೂ ಮನಸ್ಸನ್ನು ಪುಸಲಾಯಿಸಿದ.

ಯಾರೂ ದನಿಗೂಡಿಸಲಿಲ್ಲ. ಮಣ್ಣಿನ ಗುಡ್ಡೆಯ ಮೇಲಿಟ್ಟ ಪ್ಲೇಯರಿನಿಂದ ಶಿದ್ಲಿಂಗಪ್ಪನ ದನಿ ಎದ್ದಾಗ ತಾಳ ಹಾಕುವುದನ್ನೂ ಮರೆತು ಪರಸಪ್ಪ ಕಣ್ಣೊರೆಸಿಕೊಂಡ. ಕುಣಿಯೊಳಗೆ ಕೂತವನು ತನ್ನ ಪದ ತಾನೇ ಕೇಳುತ್ತಿರುವಂತಿತ್ತು. ವಿಶಾಲನ ಮುಷ್ಟಿಯ ಮಣ್ಣು ಬೆವರಿಗೆ ಕೆಸರಾಗುತ್ತಿತ್ತು.

"ಹೊಲವ ಬಿಟ್ಟೆ, ಹೊಸ್ತಿಲ ಬಿಟ್ಟೆ, ಕೈಹಿಡಿದವಳ…"

ದನಿ ಕಡಿಯಿತು. ಸೀಡಿ ಸುತ್ತುವ ಸದ್ದೂ ನಿಂತಿತು.

"ಮುಂದಿಂದು ಹಚ್ಚೋ," ಪರಸಪ್ಪ ಪಿಸುಗುಟ್ಟಿದ.

"ಅಷ್ಟ ಐತಿ."

ಮುಂದಿನ ಮಾತು ಎಲ್ಲರಿಗೂ ಬಾಯಿಪಾಠ. ಯಾರೂ ತುಟಿ ಬಿಚ್ಚಲಿಲ್ಲ. ತನ್ನ ತಪ್ಪು, ತಾನೇ ಎತ್ತಬೇಕು ಎಂದು ವಿಶಾಲ ಬಾಯಿ ತೆರೆದ. ಮುಂದಿನ ಕುಣಿ ಯಾರದೆಂದು ಕಾಕಾ ಹೇಳಿದ್ದು ನೆನಪಾಗಿ ಮತ್ತೆ ಮುಚ್ಚಿಕೊಂಡ.

ಮರೆವ್ವ ಅವನತ್ತ ಒಮ್ಮೆ ನೋಡಿದಳು. ಸಿಟ್ಟಿರಲಿಲ್ಲ. ಬಾಯಿಗೆ ಒತ್ತಿಕೊಂಡಿದ್ದ ಸೆರಗು ಸರಿಸಿ, ಗಂಡ ಬಿಟ್ಟ ಮಾತಿನಿಂದಲೇ ಪದ ಎತ್ತಿಕೊಂಡಳು.

ಸುತ್ತ ನಿಂತವರಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ. ತಮ್ಮ ತಮ್ಮ ಮುಷ್ಟಿಯ ಮಣ್ಣನ್ನೇ ನೋಡುತ್ತ, ಅವಳು ಮುಗಿಸುವುದನ್ನು ಕಾಯುತ್ತ ನಿಂತರು.