ನೆಗೆಣ್ಣಿಗೆ ಕೊಟ್ಟ ಉಸಿರಿನ ಮಷಿನ್

ಬೆಂಗೇರಿಯ ಒಂದೇ ಮನೆಯಲ್ಲಿ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ಹಿರಿಯಾಕೆ ದಾಕ್ಷಾಯಿಣಿ, ಕಿರಿಯಾಕೆ ಉಮಾಶ್ರೀ. ಇಬ್ಬರೂ ತುಂಬಿದ ಮೈಯವರು. ಒಬ್ಬಾಕೆಯ ಜಂಪರ್ ಇನ್ನೊಬ್ಬಾಕೆಗೆ ಸರಿಹೋಗುತ್ತಿತ್ತು, ಮನಸ್ಸೂ ಹಾಗೆಯೇ.

ಆಮೇಲೆ ಉಮಾಶ್ರೀ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಳು. ವರ್ಷ ತುಂಬುವುದರೊಳಗೆ ಬಳ್ಳಿಯಂತಾದಳು. "ಉಮಾ, ಲಗ್ನದ ಹುಡುಗಿ ಕಂಡಂಗ ಕಾಣ್ತಿ ನೋಡು!" ಎಂದು ಓಣಿಯವರು ಅಂದರೆ ಸಾಕು, ದಾಕ್ಷಾಯಿಣಿಯ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಸಡಿಲಾದ ಜಂಪರ್‌ಗಳನ್ನೆಲ್ಲ ಉಮಾಶ್ರೀ ಪ್ರೀತಿಯಿಂದ ಅವಳಿಗೇ ಕೊಟ್ಟಾಗಂತೂ ಆ ಉರಿ ಇಮ್ಮಡಿಯಾಯಿತು.

ಉಮಾಶ್ರೀಗೆ ಸ್ಲೀಪ್ ಅಪ್ನಿಯಾ ಇತ್ತು. ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಬೇನೆ. ಅದಕ್ಕೆ ಮೂಗಿಗೆ ಮಾಸ್ಕ್ ಕಟ್ಟಿ, ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುವ ಮಷಿನ್ ಹಚ್ಚಿಕೊಂಡು ಮಲಗುತ್ತಿದ್ದಳು.

"ಇಷ್ಟು ಸಣ್ಣಾಗೀದಿ, ಇನ್ನೂ ಆ ಸೊಂಡಿಲು ಕಟ್ಕೊಂಡ ಮಲಗ್ತಿ! ಮತ್ತ ಆಪರೇಷನ್ ಯಾಕ ಬೇಕಾಗಿತ್ತವಾ?" ಎಂದು ದಾಕ್ಷಾಯಿಣಿ ಚುಚ್ಚಿದಳು.

"ಈಗ ಗೊರಕಿನೂ ಇಲ್ಲಕ್ಕಾ. ಮಾಸ್ಕೂ ಸಡ್ಲ ಆಗೇತಿ, ಗಾಳಿ ಕಣ್ಣಿಗೆ ಹೊಡಿತೈತಿ."

"ಹಂಗಾರ ನನಗ ಕೊಡು. ನನ್ನ ಗೊರಕಿಗೆ ನಿಮ್ಮ ಭಾವಾರು ಪಡಸಾಲಿಗೆ ಓಡ್ಯಾರ. ದೊಡ್ಡ ಜಂಪರ್ ಎಲ್ಲಾ ಕೊಟ್ಟಿ, ಇದೊಂದ ಯಾಕ ಇಟ್ಕೊಂತಿ?"

ಉಮಾಶ್ರೀ ನಕ್ಕು ಕೊಟ್ಟೇಬಿಟ್ಟಳು.

ಕಥೆಯ ರಾಕ್ಷಸ ನೊಣದ ರೂಪ ತಾಳಿ ಅಡಗುವಂತೆ, ಬೇನೆ ಸದ್ದಿಲ್ಲದೆ ಅವಳಲ್ಲೇ ಅಡಗಿತ್ತು. ಮಷಿನ್ ಬಿಟ್ಟ ಮೇಲೆ ಉಮಾಶ್ರೀಗೆ ಮುಂಜಾನೆ ತಲೆನೋವು, ಕುಂತಲ್ಲೇ ತೂಕಡಿಕೆ. "ಚೆಲುವಿಗೆ ಈಗ ಮೈಗಳ್ಳತನ ಬಂದೈತಿ," ಎಂದು ದಾಕ್ಷಾಯಿಣಿ ಒಳಗೊಳಗೇ ಹಿಗ್ಗಿದಳು.

ಒಂದು ಮಧ್ಯಾಹ್ನ ರೊಟ್ಟಿ ಬೇಯಿಸುತ್ತಿದ್ದಾಗ ಉಮಾಶ್ರೀಯ ಕಣ್ಣು ಮುಚ್ಚಿತು. ತಲೆ ಕಾದ ಹಂಚಿನತ್ತ ವಾಲಿತು. "ಯವ್ವಾ! ಉಮಾ!" ಎನ್ನುತ್ತ ದಾಕ್ಷಾಯಿಣಿ ರಟ್ಟೆ ಹಿಡಿದು ಎಳೆದಳು. ಮುಖ ಉಳಿಯಿತು.

ಕೂಗು ಕೇಳಿ ಪಕ್ಕದ ಮನೆಯ ನರ್ಸ್ ಅಬೀದಾ ಓಡಿಬಂದಳು. ಉಮಾಶ್ರೀಯ ಬೇನೆ ಅವಳಿಗೆ ಗೊತ್ತಿತ್ತು. "ಮಷಿನ್ ಎಲ್ಲೈತ್ರಿ?"

"ನನ್ನ ಕೋಣ್ಯಾಗ ಐತ್ರಿ ಸಿಸ್ಟರ್. ನಾನಽ ಇಸ್ಕೊಂಡೆ," ಎಂದಳು ದಾಕ್ಷಾಯಿಣಿ, ತಲೆ ತಗ್ಗಿಸಿ.

"ಅದೇನು ಸೀರಿ ಏನ್ರಿ ಅಕ್ಕಾರ, ಉಟ್ಟು ಕೊಡಾಕ? ಗಾಳಿಯ ಒತ್ತಡ ಒಬ್ಬೊಬ್ಬರಿಗೆ ಒಂದೊಂದು. ಪರೀಕ್ಷಾ ಮಾಡಿ ಡಾಕ್ಟರು ಗೊತ್ತುಮಾಡಿರ್ತಾರ."

"ಸಣ್ಣಾದ ಮ್ಯಾಲೂ ಈ ಬ್ಯಾನಿ ಉಳಿತೈತೇನ್ರಿ?" ಉಮಾಶ್ರೀ ಕೇಳಿದಳು.

"ಭಾಳ ಮಂದಿಗೆ ಕಡಿಮಿ ಆಗ್ತೈತಿ. ಎಲ್ಲಾರಿಗೂ ಪೂರ್ತಿ ಹೋಗಂಗಿಲ್ಲ. ಗೊರಕಿ ನಿಂತ್ರೂ ಉಸಿರು ನಿಲ್ಲೂದು ಇರಬಹುದು. ಅದನ್ನ ಕನ್ನಡಿ ಹೇಳಂಗಿಲ್ರಿ, ನಿದ್ದಿ ಪರೀಕ್ಷಾನಽ ಹೇಳಬೇಕು."

ಪರೀಕ್ಷೆಯಾಯಿತು. ಬೇನೆ ಇಳಿದಿತ್ತು, ಹೋಗಿರಲಿಲ್ಲ. ಮಷಿನ್ ಮರಳಿ ಉಮಾಶ್ರೀಗೆ ಬಂತು. ಡಾಕ್ಟರು ಅದರ ಗಾಳಿಯ ಒತ್ತಡ ತಗ್ಗಿಸಿ, ತೆಳುವಾದ ಮುಖಕ್ಕೆ ಹೊಂದುವ ಸಣ್ಣ ಮಾಸ್ಕ್ ಕೊಟ್ಟರು. ಉಮಾಶ್ರೀಯ ತೂಕಡಿಕೆ ಹೋಯಿತು, ಮುಖ ಮತ್ತೆ ಅರಳಿತು. ಓಣಿಯವರು ಮತ್ತೆ ಹೊಗಳಿದರು. ದಾಕ್ಷಾಯಿಣಿಗೆ ಮತ್ತೆ ಹೊಟ್ಟೆ ಉರಿಯಿತು.

ಈ ಸಲ ಅವಳು ಸೆರಗು ಕೊಡವಿಕೊಂಡು ತಾನೇ ಆಸ್ಪತ್ರೆಗೆ ನಡೆದಳು. "ನನ್ನ ಗೊರಕಿನೂ ಪರೀಕ್ಷಾ ಮಾಡ್ರಿ ಡಾಕ್ಟರ. ಛಲೋ ನಿದ್ದಿ ಅಕಿ ಒಬ್ಬಾಕಿ ಆಸ್ತಿ ಏನ್ರಿ?"

ಅಕ್ಕಂದಿರೇ, ಅಣ್ಣಂದಿರೇ, ತೂಕ ಇಳಿಸುವ ಆಪರೇಷನ್ ಆದವರು ನಿಮ್ಮ ಮನೆಯಲ್ಲೂ ಇರಬಹುದು. ಸಣ್ಣಾದೆವೆಂದು ಉಸಿರಿನ ಮಷಿನ್ ತಾವಾಗಿ ಬಿಡದಿರಲಿ, ಇನ್ನೊಬ್ಬರದು ತಂದು ಹಚ್ಚಿಕೊಳ್ಳದಿರಲಿ. ಮಾಸ್ಕ್ ಸಡಿಲಾದರೆ, ಹಗಲು ತೂಕಡಿಸಿದರೆ, ತೂಕ ಮತ್ತೆ ಏರಿದರೆ ಡಾಕ್ಟರಿಗೆ ತೋರಿಸಿರಿ. ಪಕ್ಕದಲ್ಲಿ ಮಲಗಿದವರ ಉಸಿರನ್ನು ಇವತ್ತೇ ಒಂದಿಷ್ಟು ಕಿವಿಗೊಟ್ಟು ಕೇಳಿರಿ.